ಹ್ಯಾಂಡಲ್ ನಡುಗಿದಾಗ ಬ್ರೇಕ್ ಹಿಂಡಬೇಡಿ

ಹೇಮಗಿರಿಯ ಓದುಗರೇ,

80 ಕಿ.ಮೀ. ವೇಗ ದಾಟಿದೊಡನೆ ಬೈಕಿನ ಹ್ಯಾಂಡಲ್ ಪಟಪಟ ಅದುರುತ್ತದೆ ಎಂದಿದ್ದೀರಿ. ಆಗ ಮುಂದಿನ ಬ್ರೇಕ್ ಹಿಂಡಬೇಡಿ, ಹ್ಯಾಂಡಲ್ ಜತೆ ಗುದ್ದಾಡಲೂಬೇಡಿ. ಸೆಟೆದ ಕೈ ನಡುಕವನ್ನು ಹೆಚ್ಚಿಸಬಹುದು. ಮೊಣಕಾಲಲ್ಲಿ ಟ್ಯಾಂಕ್ ಅವುಚಿ, ಮೈಯನ್ನು ಮುಂದಕ್ಕೆ ಬಾಗಿಸಿ, ಆಕ್ಸಿಲರೇಟರ್ ಮೆಲ್ಲಗೆ ಇಳಿಸಿ.

ನನ್ನ ಗುಮಾನಿ ನೀವು ಬೈಕಿನ ಹಿಂದೆ ಹೇರುವ ಹಾಲಿನ ಕ್ಯಾನುಗಳ ಮೇಲೆ. ಹಿಂದೆ ಭಾರ ಹೆಚ್ಚಾದರೆ ಮುಂದಿನ ಚಕ್ರ ಹಗುರಾಗಿ ಹಿಡಿತ ಸಡಿಲುತ್ತದೆ. ಕ್ಯಾನ್ ಇಳಿಸಿದ ಮೇಲೂ ನಡುಗಿದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿಸಿ, ಫೋರ್ಕಿನ ಬುಡ ಹಿಡಿದು ಹಿಂದೆಮುಂದೆ ಅಲ್ಲಾಡಿಸಿ. ‘ಟಕ್’ ಎಂದರೆ ಕೋನ್ ಸೆಟ್ (ಹ್ಯಾಂಡಲ್ ಬುಡದ ಬೇರಿಂಗ್) ಸಡಿಲವಾಗಿರಬೇಕು. ಟೈರಿನ ಗಾಳಿ, ರಿಮ್ಮಿನ ಡೊಂಕನ್ನೂ ನೋಡಿಸಿ.

ರಿಪೇರಿಯಾದ ಮೇಲೆ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿಸಿ ನೋಡುತ್ತೇನೆ ಅಂದಿರಲ್ಲ, 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ.