ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು

ಹಳೇ ಆಟೋಮ್ಯಾಟಿಕ್ ಕಾರು ‘ಡಿ’ಗೆ ಹಾಕಿದ ಕೂಡಲೇ ಆಫ್ ಆಗುತ್ತಿದೆಯೇ? ಗೇರ್‌ಬಾಕ್ಸೇ ಹೋಯಿತೆಂದು ಗಾಬರಿಬಿದ್ದು ಬಿಚ್ಚಿಸಲು ಹೊರಡಬೇಡಿ, ದೊಡ್ಡ ಖರ್ಚಿನ ಬಾಬತ್ತು ಅದು. ಗೇರ್ ಬಿದ್ದಾಗ ಎಂಜಿನ್ ಮೇಲೆ ಭಾರ ಬೀಳುತ್ತದೆ. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೆ ಎಂಜಿನ್ ಆ ಭಾರ ತಡೆಯಲಾರದು. ಮೊದಲು ಥ್ರಾಟಲ್ ಬಾಡಿಯನ್ನು ಕ್ಲೀನ್ ಮಾಡಿಸಿ.

ಇನ್ನೊಂದು, ಗೇರ್ ಹಾಕುವಾಗ ನಿಮ್ಮ ಕಾಲು ಬ್ರೇಕ್ ಮೇಲೇ ಇರುತ್ತದಲ್ಲ? ನ್ಯೂಟ್ರಲ್‌ನಲ್ಲೇ ಬ್ರೇಕ್ ಒತ್ತಿ ನೋಡಿ. ಪೆಡಲ್ ಬುಡದಲ್ಲಿ ‘ಸುಸ್ಸ್’ ಎಂದು ಗಾಳಿ ಎಳೆದು ಎಂಜಿನ್ ಕುಸಿದರೆ, ಬ್ರೇಕ್ ಬೂಸ್ಟರ್ ಸೋರುತ್ತಿರಬಹುದು. ಎಷ್ಟೋ ಮೆಕ್ಯಾನಿಕ್‌ಗಳೂ ಇದನ್ನು ಮರೆಯುತ್ತಾರೆ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲಷ್ಟೇ ಆಫ್ ಆದರೆ, ಆಗ ಟಾರ್ಕ್ ಕನ್ವರ್ಟರಿನ ಲಾಕಪ್ ಮೇಲೆ ಅನುಮಾನಪಡಿ.

ಆಫ್ ಆಗದಿರಲೆಂದು ಆಕ್ಸಿಲರೇಟರ್ ಒತ್ತಿಕೊಂಡು ‘ಡಿ’ಗೆ ಹಾಕುವ ಚಾಳಿ ಮಾತ್ರ ಬೇಡವೇ ಬೇಡ. ಕಾರು ಎದುರಿಗಿದ್ದವರ ಮೇಲೆ ನುಗ್ಗೀತು.