ಮನೆಯೂಟಕ್ಕೆ ಒಪ್ಪುವ ವೈನ್: ಮಾರಾಟಗಾರರಿಗೊಂದು ರುಚಿಪಾಠ

ಕರ್ನಾಟಕದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ 2007ರಲ್ಲಿ ರೂಪುಗೊಂಡ ನಂತರ ನಂದಿ ಮತ್ತು ಕೃಷ್ಣಾ ಕಣಿವೆಗಳ ಬೆಳೆಗಾರರಿಗೂ ತಯಾರಕರಿಗೂ ಉತ್ತೇಜನ ದೊರೆಯಿತು. ಆದರೆ ಪ್ರತಿಯೊಂದು ಬಾಟಲಿಯ ಭವಿಷ್ಯ ಕೊನೆಗೆ ನಿರ್ಧಾರವಾಗುವುದು ಗ್ರಾಹಕನ ಊಟದ ಮನೆಯಲ್ಲಿಯೇ. ಖಾರವಾದ ಕೋಳಿ ಸಾರಿನೊಡನೆ ಒಗರಾದ ಕೆಂಪು ವೈನನ್ನು ಬೇಸಿಗೆಯ ಸೆಕೆಯಲ್ಲಿ ತಂಪುಗೊಳಿಸದೆ ಕುಡಿದವನಿಗೆ ಬಾಯಿ ಉರಿಯುತ್ತದೆ, ವೈನ್ ಕಹಿಯೆನಿಸುತ್ತದೆ. ಅವನು ದೂರುವುದು ತಯಾರಕನನ್ನು. ಎರಡನೆಯ ಬಾಟಲಿಗೆ ಅಂಗಡಿಗೆ ಮರಳುವುದಿಲ್ಲ. ಸಣ್ಣ ತಯಾರಕನಿಗೆ ಈ ನಷ್ಟ ಬಹು ಭಾರವಾದದ್ದು. ಇದನ್ನು ತಪ್ಪಿಸುವ ತಿಳಿವಳಿಕೆ ಸುಲಭವಾಗಿ ಕಲಿಯಬಹುದಾದುದು.

ರುಚಿ ನೋಡುವ ಕ್ರಮ

ಬಣ್ಣವಿಲ್ಲದ ಗಾಜಿನ ಲೋಟದಲ್ಲಿ ಸುಮಾರು 50 ಮಿ.ಲೀ. ವೈನ್ ಸುರಿದು ಮೊದಲು ಬಣ್ಣವನ್ನು ನೋಡಬೇಕು. ಎಳೆಯ ಬಿಳಿ ವೈನ್ ಕಂದು ಛಾಯೆಗೆ ತಿರುಗಿದ್ದರೆ ಗಾಳಿ ತಗುಲಿ ಕೆಟ್ಟಿರುವ ಸಂಭವವುಂಟು. ಬಳಿಕ ಲೋಟವನ್ನು ಮೆಲ್ಲನೆ ತಿರುಗಿಸಿ ಮೂಸಬೇಕು. ವಿನೆಗರಿನ ಘಾಟು ಮತ್ತು ಒದ್ದೆ ರಟ್ಟಿನ ವಾಸನೆ ದೋಷದ ಗುರುತುಗಳು. ಅನಂತರ ಒಂದು ಗುಟುಕನ್ನು ಬಾಯಿಯಲ್ಲಿ ಆಡಿಸಿ ಸಿಹಿ, ಹುಳಿ, ಒಗರು ಮತ್ತು ಮದ್ಯಸಾರದ ಬಿಸಿ ಎಂಬ ನಾಲ್ಕು ಅಂಶಗಳನ್ನು ಗುರುತಿಸಬೇಕು. ಒಗರಿಗೆ ಮುಖ್ಯ ಕಾರಣ ದ್ರಾಕ್ಷಿಯ ಸಿಪ್ಪೆ ಹಾಗೂ ಬೀಜಗಳ ಟ್ಯಾನಿನ್. ಸಿಪ್ಪೆಯೊಡನೆ ಹುದುಗುವುದರಿಂದ ಕೆಂಪು ವೈನಿನಲ್ಲಿ ಅದು ಹೆಚ್ಚು.

ಊಟದ ಪ್ರಭಾವ

ನಿಂಬೆರಸ, ಉಪ್ಪು, ಬೆಲ್ಲ, ಮೆಣಸಿನಪುಡಿಗಳನ್ನು ಒಂದೊಂದಾಗಿ ನಾಲಿಗೆಗೆ ಸೋಕಿಸಿ, ಪ್ರತಿ ಸಲವೂ ಅದೇ ವೈನನ್ನು ಗುಟುಕರಿಸಿದರೆ ಜೋಡಣೆಯ ನಿಯಮ ತಾನಾಗಿ ತಿಳಿಯುತ್ತದೆ. ನಿಂಬೆಯ ನಂತರ ವೈನಿನ ಹುಳಿ ತಗ್ಗಿದಂತೆಯೂ ಉಪ್ಪಿನ ನಂತರ ಒಗರು ಮೃದುವಾದಂತೆಯೂ ತೋರುತ್ತದೆ. ಬೆಲ್ಲದ ನಂತರ ಅದೇ ವೈನ್ ಹುಳಿಯೆನಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಪ್ರಚೋದಿಸುವ ನರತುದಿಗಳನ್ನೇ ಮದ್ಯಸಾರವೂ ಕೆರಳಿಸುವುದರಿಂದ ಖಾರದ ನಂತರ ಉರಿ ಹೆಚ್ಚುತ್ತದೆ. ಸಿಹಿಯೂ ತಂಪೂ ಉರಿಯನ್ನು ತಗ್ಗಿಸುತ್ತವೆ.

ಅಡುಗೆಗೆ ತಕ್ಕ ವೈನ್

ರವೆ ಹಚ್ಚಿ ಹುರಿದ ಮೀನಿಗೆ ಹುಳಿ ಪ್ರಧಾನವಾದ ಸೊವಿನ್ಯೋ ಬ್ಲಾಂಕ್ ಒಪ್ಪುತ್ತದೆ. ಅದರ ಹುಳಿ ಎಣ್ಣೆಯ ಜಿಡ್ಡನ್ನು ಕತ್ತರಿಸುತ್ತದೆ. ತೆಂಗಿನ ಹಾಲಿನ ಕೋಳಿ ಗಸಿಗೆ ತುಸು ಸಿಹಿಯಿರುವ ಶೆನಿನ್ ಬ್ಲಾಂಕ್ ಉತ್ತಮ. ಹುಣಸೆಯ ಹುಳಿಯೂ ಖಾರವೂ ಕೂಡಿದ ಬಿಸಿಬೇಳೆಭಾತಿಗೆ ತಂಪಾದ ರೋಸೆ ಸೂಕ್ತ. ಎಣ್ಣೆಗಾಯಿ, ಜೋಳದ ರೊಟ್ಟಿಗಳಿಗೆ ಹಾಗೂ ಕಾಚಂಪುಳಿ ಬೆರೆತ ಕೊಡಗಿನ ಪಂದಿಕರಿಗೆ ಒಗರು ಕಡಿಮೆಯಿರುವ ಹಗುರ ಕೆಂಪು ವೈನ್ ಸಾಕು. ಕಾಳುಮೆಣಸಿನ ಮಾಂಸದ ಪಲ್ಯಕ್ಕೆ ಶಿರಾಜ್ ಹೊಂದುತ್ತದೆ. ಕಾಳುಮೆಣಸಿನ ಪರಿಮಳಕ್ಕೆ ಕಾರಣವಾದ ರೊಟಂಡೋನ್ ಎಂಬ ವಸ್ತು ಆ ದ್ರಾಕ್ಷಿಯಲ್ಲಿಯೂ ಇದೆ. ಹೋಳಿಗೆಗೆ ಹೋಳಿಗೆಗಿಂತ ಸಿಹಿಯಾದ ವೈನೇ ಬೇಕು. 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯಿಂದ ತಯಾರಾಗುವ ಅಗ್ಗದ ಸಿಹಿ ವೈನಿಗೆ ಇಲ್ಲಿ ಸಹಜ ಸ್ಥಾನವಿದೆ. ಬೆಲೆ ಹೆಚ್ಚಾದ ಮಾತ್ರಕ್ಕೆ ವೈನ್ ಊಟಕ್ಕೆ ಹೊಂದುವುದಿಲ್ಲ ಎಂಬುದಕ್ಕೆ ಇದೇ ನಿದರ್ಶನ.

ಅಂಗಡಿಯ ಹೊಣೆ

ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟ ವೈನ್ ಮಾರಾಟವಾಗುವ ಮೊದಲೇ ಕೆಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಊರುಗಳಲ್ಲಿ ದಾಸ್ತಾನನ್ನು ತಂಪಾದ ಕತ್ತಲೆಯ ಕೋಣೆಯಲ್ಲಿಡುವುದು ಅಗತ್ಯ. ಬಿಳಿ ವೈನನ್ನು 8ರಿಂದ 12 ಡಿಗ್ರಿಯಲ್ಲಿಯೂ ಕೆಂಪು ವೈನನ್ನು 15ರಿಂದ 18 ಡಿಗ್ರಿಯಲ್ಲಿಯೂ ಕುಡಿಯಬೇಕೆಂದು ಗ್ರಾಹಕನಿಗೆ ತಿಳಿಸಬೇಕು. ತೆರೆದ ಬಾಟಲಿಯನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರು ದಿನಗಳೊಳಗೆ ಮುಗಿಸುವುದು ಲೇಸು.

750 ಮಿ.ಲೀ. ಬಾಟಲಿಯೊಂದರಿಂದ 15 ಮಂದಿಗೆ ರುಚಿ ತೋರಿಸಬಹುದು. ಪರವಾನಗಿಯ ಷರತ್ತುಗಳು ಒಪ್ಪುವಲ್ಲಿ ಈ ವೆಚ್ಚವನ್ನು ಪ್ರಚಾರದ ಖರ್ಚೆಂದು ಪರಿಗಣಿಸಬಹುದು. ಒಪ್ಪದ ಕಡೆ ಪ್ರತಿ ಬಾಟಲಿಯ ಬಳಿ ಅದು ಯಾವ ಅಡುಗೆಗೆ ಹೊಂದುತ್ತದೆಂದು ಕನ್ನಡದಲ್ಲಿ ಬರೆದ ಒಂದು ಚೀಟಿ ಇಟ್ಟರೂ ಸಾಕು. “ಇಂದು ಮನೆಯಲ್ಲಿ ಏನು ಅಡುಗೆ?” ಎಂದು ಮೊದಲು ವಿಚಾರಿಸಿ, ಅನಂತರ ಬಾಟಲಿಯನ್ನು ಕೈಗೆತ್ತಿಕೊಳ್ಳುವ ಮಾರಾಟಗಾರನಲ್ಲಿಗೆ ಗ್ರಾಹಕ ಮತ್ತೆ ಬರುತ್ತಾನೆ.