ತನ್ನನ್ನೇ ತಾನು ಜೀರ್ಣಿಸಿಕೊಳ್ಳುವ ಜೀವಕೋಶ

ಕೆಲವು ತಿಂಗಳ ಹಿಂದೆ ನಿವೃತ್ತ ಮೇಷ್ಟ್ರೊಬ್ಬರನ್ನು ಅವರ ಮಗ ಆಟೋದಲ್ಲಿ ಕರೆತಂದರು. ಮೈಯೆಲ್ಲ ಬೆವರು, ಕೈ ನಡುಕ, ತೊದಲು ಮಾತು. ರಕ್ತದ ಸಕ್ಕರೆ 46ಕ್ಕೆ ಇಳಿದಿತ್ತು. ಗ್ಲೂಕೋಸ್ ಕೊಟ್ಟ ಮೇಲೆ ಚೇತರಿಸಿಕೊಂಡರು. ‘ಉಪವಾಸ ಮಾಡಿದರೆ ಜೀವಕೋಶಗಳು ತಮ್ಮ ಕೊಳೆಯನ್ನು ತಾವೇ ತಿಂದು ಶುದ್ಧವಾಗುತ್ತವಂತೆ ಡಾಕ್ಟ್ರೇ, ಅದಕ್ಕೇ ಎರಡು ದಿನದಿಂದ ಬರೀ ನೀರು’ ಎಂದರು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಬಿಟ್ಟಿರಲಿಲ್ಲ!

ಮೇಷ್ಟ್ರು ಕೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ತಿಳಿದರೆ ಹೀಗೆ ಅಪಾಯವಾಗುತ್ತದೆ.

ಕೋಶದ ಹೊಟ್ಟೆ

ನಮ್ಮ ಬಹುತೇಕ ಜೀವಕೋಶಗಳೊಳಗೆ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿವೆ. ಬೆಲ್ಜಿಯಂನ ವಿಜ್ಞಾನಿ ಕ್ರಿಶ್ಚಿಯನ್ ಡ ಡೂವ್ 1955ರಲ್ಲಿ ಇವನ್ನು ಗುರುತಿಸಿದರು. ಪ್ರೋಟೀನು, ಕೊಬ್ಬು, ಪಿಷ್ಟಗಳನ್ನು ಒಡೆಯುವ ಐವತ್ತಕ್ಕೂ ಹೆಚ್ಚು ಕಿಣ್ವಗಳು ಇವುಗಳಲ್ಲಿವೆ. ಈ ಕಿಣ್ವಗಳು ಚುರುಕಾಗುವುದು ಹುಳಿ ಅಂಶವಿದ್ದಾಗ. ಚೀಲದ ಒಳಗೆ ಹುಳಿ ಇದೆ, ಹೊರಗಿಲ್ಲ. ಆದ್ದರಿಂದ ಸ್ವಲ್ಪ ಸೋರಿದರೂ ಕೋಶಕ್ಕೆ ಹಾನಿಯಿಲ್ಲ.

ಕೋಶದ ಯಾವುದೇ ಭಾಗ ಹಳತಾದಾಗ ಅದರ ಸುತ್ತ ಎರಡು ಪದರದ ಪೊರೆ ಬೆಳೆಯುತ್ತದೆ. ಆ ಗಂಟು ಲೈಸೋಸೋಮಿನೊಂದಿಗೆ ಬೆಸೆದುಕೊಂಡು ಕರಗುತ್ತದೆ. ಕರಗಿದ್ದು ವ್ಯರ್ಥವಾಗದು. ಹಳೇ ಮನೆ ಕೆಡವಿ, ಬಾಗಿಲು, ತೊಲೆಗಳನ್ನು ಹೊಸ ಮನೆಗೆ ಬಳಸಿಕೊಂಡಂತೆ ಅದು ಮರಳಿ ಉಪಯೋಗವಾಗುತ್ತದೆ. ಇದೇ ಸ್ವಭಕ್ಷಣೆ, ಅಂದರೆ ಆಟೋಫಜಿ. ಯೀಸ್ಟಿನಲ್ಲಿ ಇದರ ವಂಶವಾಹಿಗಳನ್ನು ಪತ್ತೆ ಮಾಡಿದ ಜಪಾನಿನ ಯೋಶಿನೋರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದಿತು.

ಹಿಡಿತ ಯಾರದು?

ಇದಕ್ಕೆ ಕಡಿವಾಣ ಹಾಕುವುದೂ ಕಿಣ್ವಗಳೇ. ಊಟವಾಗಿ ಇನ್ಸುಲಿನ್, ಅಮೈನೋ ಆಮ್ಲಗಳು ಹೆಚ್ಚಿದ್ದಾಗ ಎಂಟಾರ್ ಎಂಬ ಕಿಣ್ವ ಸ್ವಭಕ್ಷಣೆಯನ್ನು ತಡೆಹಿಡಿಯುತ್ತದೆ. ಆಹಾರ ಕಡಿಮೆಯಾದಾಗ ಎಂಟಾರ್ ತಣ್ಣಗಾಗಿ, ತಡೆ ಸಡಿಲವಾಗುತ್ತದೆ. ಆದರೆ ಉಪವಾಸವಿಲ್ಲದೆಯೂ ಈ ಕೆಲಸ ಸ್ವಲ್ಪಮಟ್ಟಿಗೆ ಸದಾ ನಡೆದಿರುತ್ತದೆ. ಇಷ್ಟು ಗಂಟೆ ಹಸಿದಿದ್ದರೆ ಇಷ್ಟು ಶುದ್ಧಿ ಎಂಬ ಲೆಕ್ಕವನ್ನು ಮನುಷ್ಯರಲ್ಲಿ ಯಾರೂ ಸಾಬೀತುಪಡಿಸಿಲ್ಲ. ಹೆಚ್ಚಾದರೆಲ್ಲ ಒಳ್ಳೆಯದೆಂದೂ ಅಲ್ಲ; ಬೆಳೆದ ಕ್ಯಾನ್ಸರ್ ಗಡ್ಡೆಯ ಕೋಶಗಳು ಬದುಕುಳಿಯಲು ಇದೇ ಉಪಾಯವನ್ನು ಬಳಸುತ್ತವೆ.

ಕಿಣ್ವ ಕೊರತೆಯಾದರೆ

ಒಂದೇ ಒಂದು ಕಿಣ್ವ ಕೊರತೆಯಾದರೂ ಕೋಶದಲ್ಲಿ ಕಸ ತುಂಬುತ್ತದೆ. ಗೋಶೆ ಕಾಯಿಲೆಯಲ್ಲಿ ಒಂದು ಬಗೆಯ ಕೊಬ್ಬು ಕರಗದೆ ಗುಲ್ಮ, ಯಕೃತ್ತು, ಮೂಳೆಮಜ್ಜೆಗಳಲ್ಲಿ ಶೇಖರವಾಗುತ್ತದೆ. ಮಗುವಿನ ಹೊಟ್ಟೆ ಉಬ್ಬುತ್ತದೆ, ರಕ್ತ ಕಡಿಮೆಯಾಗುತ್ತದೆ, ಮೂಳೆ ನೋಯುತ್ತದೆ. ಪೊಂಪೆ ಕಾಯಿಲೆಯಲ್ಲಿ ಗ್ಲೈಕೋಜನ್ ತುಂಬಿ ಹೃದಯ, ಸ್ನಾಯುಗಳು ಸೋಲುತ್ತವೆ. ಎರಡೂ ಅಪರೂಪ. ತಂದೆತಾಯಿ ಇಬ್ಬರಲ್ಲೂ ದೋಷದ ವಂಶವಾಹಿ ಅಡಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿರುವುದರಿಂದ ಇದನ್ನು ತಿಳಿದಿರಬೇಕು. ಕೊರತೆಯಿರುವ ಕಿಣ್ವವನ್ನು ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುವ ಚಿಕಿತ್ಸೆ ಇದೆ, ಆದರೆ ಬಹಳ ದುಬಾರಿ.

ಓದುಗರಿಗೆ ಎರಡು ಮಾತು. ಮಗುವಿನ ಹೊಟ್ಟೆ ಕಾರಣವಿಲ್ಲದೆ ದೊಡ್ಡದಾಗುತ್ತಿದ್ದರೆ ‘ಜಂತು’ ಎಂದು ಸುಮ್ಮನಿರದೆ ಮಕ್ಕಳ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ವಯಸ್ಸಾದವರು ನಿಮ್ಮ ವೈದ್ಯರನ್ನು ಕೇಳದೆ ದೀರ್ಘ ಉಪವಾಸ ಮಾಡಬೇಡಿ. ಮೇಷ್ಟ್ರು ಈಗ ಹೊತ್ತಿಗೆ ಸರಿಯಾಗಿ ಮಿತವಾಗಿ ಉಣ್ಣುತ್ತಾರೆ, ಸಂಜೆ ನಡೆಯುತ್ತಾರೆ. ಕೋಶಗಳ ಮನೆಗೆಲಸವನ್ನು ಕೋಶಗಳಿಗೇ ಬಿಟ್ಟಿದ್ದಾರೆ.